ಟೋಪಿಯ ಮೇಲಿನ ಮಣಿ ಯಾವ ಬಣ್ಣದ್ದು?

ಚಿಂಗ್ ದೊರೆಗಳ ಕಾಲದ ಚೀನೀ ಅಧಿಕಾರಿಗಳ ಹಳೆಯ ಫೋಟೋ ಕಂಡರೆ ಸಾಕು, ‘ಕ್ಯಾಮೆರಾ ಪ್ರಾಣ ಹೀರುತ್ತೆ ಅಂತ ಹೆದರಿ ಕೂತಿದ್ದಾರೆ’ ಅನ್ನುವವರು ಬಹಳ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. 1860ರ ಅಕ್ಟೋಬರ್ 24ರಂದು ಬೀಜಿಂಗ್‌ನಲ್ಲಿ ಯುದ್ಧದಲ್ಲಿ ಸೋತ ಚೀನಾ ಬ್ರಿಟಿಷರ ಜೊತೆ ಒಪ್ಪಂದಕ್ಕೆ ಸಹಿ ಹಾಕುವಾಗ ಛಾಯಾಗ್ರಾಹಕ ಫೆಲಿಚೆ ಬಿಯಾಟೊ ತನ್ನ ಕ್ಯಾಮೆರಾವನ್ನು ಚಕ್ರವರ್ತಿಯ ತಮ್ಮ ರಾಜಕುಮಾರ ಗಾಂಗ್ ಕಡೆಗೆ ತಿರುಗಿಸಿದ. ಗಾಂಗ್ ಬಿಳಿಚಿಕೊಂಡ, ತಲೆ ಹಾರಿಸುವ ಯಂತ್ರ ಅಂದುಕೊಂಡ ಎಂದು ಬರೆದಿಟ್ಟವನು ಬ್ರಿಟಿಷ್ ಸೇನಾಪತಿ ಹೋಪ್ ಗ್ರಾಂಟ್. ಅದಕ್ಕೆ ಆರು ದಿನ ಮೊದಲು ಬ್ರಿಟಿಷರು ಚಕ್ರವರ್ತಿಯ ಬೇಸಿಗೆ ಅರಮನೆಗೆ ಬೆಂಕಿ ಇಟ್ಟಿದ್ದರು. ಅಂಥವರು ಹಿತ್ತಾಳೆಯ ಬಾಯೊಂದನ್ನು ಎದೆಗೆ ನೇರ ಹಿಡಿದರೆ ಹೆದರೋದು ಮೂಢನಂಬಿಕೆಯಾ? ಮಂದ ಬೆಳಕಿನಿಂದ ಅವತ್ತಿನ ಫೋಟೋ ಕೆಟ್ಟಿತು. ನವೆಂಬರ್ 2ರಂದು ಅದೇ ಗಾಂಗ್ ಅದೇ ಬಿಯಾಟೊನ ಮುಂದೆ ಕೂತು ಚಿತ್ರ ತೆಗೆಸಿಕೊಂಡ. 1844ರಲ್ಲೇ ಫ್ರೆಂಚ್ ಸುಂಕದ ಅಧಿಕಾರಿ ಜೂಲ್ಸ್ ಇಟಿಯೇ ಎದುರು ಕೂತ ಹಿರಿಯ ಚೀನೀ ಅಧಿಕಾರಿ ಚೀಯಿಂಗ್ ಅಂತೂ ತನ್ನ ಭಾವಚಿತ್ರಗಳನ್ನು ವಿದೇಶಿ ರಾಯಭಾರಿಗಳಿಗೆ ಕೊಟ್ಟವನು.

ಈ ಚಿತ್ರಗಳಲ್ಲಿ ನಿಜವಾಗಿ ನೋಡಬೇಕಾದ್ದು ಟೋಪಿ. ಚಳಿಗಾಲದ ಟೋಪಿಗೆ ಮೇಲಕ್ಕೆ ಮಡಚಿದ ಕಪ್ಪು ಅಂಚು, ನೆತ್ತಿಯ ಸುತ್ತ ಇಳಿಬಿದ್ದ ರೇಷ್ಮೆ ಎಳೆಗಳು, ತುದಿಯಲ್ಲೊಂದು ಮಣಿ. ಫೋಟೋದಲ್ಲಿ ಆ ಎಳೆಗಳು ಅಂಚಿನಷ್ಟೇ ಕಪ್ಪು. ಆದರೆ ಅವು ಕಡುಗೆಂಪು!

ಕಾರಣ ಗಾಜಿನ ಮೇಲಿದೆ. ಆಗಿನ ಛಾಯಾಗ್ರಾಹಕರು ಕೊಲೋಡಿಯನ್ ಎಂಬ ಅಂಟುದ್ರವವನ್ನು ಗಾಜಿಗೆ ಹರಡಿ, ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಹಸಿ ಇರುವಾಗಲೇ ಚಿತ್ರ ಹಿಡಿಯಬೇಕಿತ್ತು. ಆ ಪದರದಲ್ಲಿ ಹುಟ್ಟುವ ಬೆಳ್ಳಿಯ ಅಯೋಡೈಡ್ ಹರಳಿನಿಂದ ಎಲೆಕ್ಟ್ರಾನ್ ಬಿಡಿಸಿದರೆ ಮಾತ್ರ ಚಿತ್ರ ಮೂಡುತ್ತದೆ. ಬೆಳಕು ಬರೋದು ಫೋಟಾನ್ ಎಂಬ ಕಣಗಳಾಗಿ. ಕೆಂಪು ಬೆಳಕಿನ ಒಂದೊಂದು ಫೋಟಾನಿಗೂ ಶಕ್ತಿ ಕಮ್ಮಿ, ನೀಲಿಯದಕ್ಕೆ ಜಾಸ್ತಿ. ಮುಷ್ಟಿಗಟ್ಟಲೆ ಮರಳು ಎರಚಿದರೂ ಮಾವಿನಕಾಯಿ ಉದುರಲ್ಲ, ಸರಿಯಾದ ಒಂದು ಕಲ್ಲು ಸಾಕು ಅಲ್ವಾ? ಹಾಗೇ ಇದು. ಕೆಂಪು, ಹಳದಿ ಬೆಳಕು ಎಷ್ಟೇ ಸುರಿದರೂ ಹರಳು ಅಲುಗುವುದಿಲ್ಲ. ನೀಲಿ, ನೇರಳೆ, ಕಣ್ಣಿಗೆ ಕಾಣದ ಅತಿನೇರಳೆ ಬಿದ್ದರೆ ಕೆಲಸ ಆಗುತ್ತದೆ. ಹರಳು ಅಲುಗದ ಜಾಗ ಕೊನೆಗೆ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹೀಗಾಗಿ ಕೆಂಪು, ಹಳದಿ ಎರಡೂ ಕಪ್ಪಗಾಗುತ್ತವೆ, ನೀಲಿ ತಿಳಿಯಾಗುತ್ತದೆ. ಚಕ್ರವರ್ತಿಯ ಮೆಚ್ಚುಗೆಗೆ ಸಿಗುತ್ತಿದ್ದ ಹಳದಿ ಅಂಗಿಗೂ ಇದೇ ಗತಿ.

ಈಗ ಟೋಪಿಯ ಮಣಿಗೆ ಬನ್ನಿ. ಒಂಬತ್ತು ದರ್ಜೆಯ ಅಧಿಕಾರಿಗಳನ್ನು ಗುರುತಿಸುತ್ತಿದ್ದದ್ದೇ ಅದರಿಂದ. ಮೊದಲ ದರ್ಜೆಗೆ ಮಾಣಿಕ್ಯ, ಎರಡನೆಯದಕ್ಕೆ ಹವಳ, ಮೂರನೆಯದಕ್ಕೆ ನೀಲಮಣಿ, ಐದನೆಯದಕ್ಕೆ ಸ್ಫಟಿಕ. ಫೋಟೋದಲ್ಲಿ ಮಾಣಿಕ್ಯ ಕಪ್ಪು ಗುಂಡಿಯಾಗುತ್ತದೆ, ನೀಲಮಣಿ ಸ್ಫಟಿಕದ ಹತ್ತಿರಕ್ಕೆ ಬರುತ್ತದೆ. ಬೀದಿಯಲ್ಲಿ ಹತ್ತು ಮಾರು ದೂರದಿಂದಲೇ ಗೊತ್ತಾಗುತ್ತಿದ್ದ ದರ್ಜೆ ಗಾಜಿನ ಮೇಲೆ ಕಲಸಿಹೋಗುತ್ತದೆ. ಪುಣ್ಯಕ್ಕೆ ಎದೆಯ ಮೇಲಿನ ಚೌಕದ ಕಸೂತಿ ಉಳಿಯುತ್ತದೆ. ಆಡಳಿತದ ಅಧಿಕಾರಿಗಳಲ್ಲಿ ಮೊದಲ ದರ್ಜೆಗೆ ಸಾರಸ ಪಕ್ಷಿ, ಮೂರನೆಯದಕ್ಕೆ ನವಿಲು. ಆಕಾರಕ್ಕೆ ಬಣ್ಣದ ಹಂಗಿಲ್ಲ.

ಸ್ಕಾಟ್ಲೆಂಡಿನ ಛಾಯಾಗ್ರಾಹಕ ಜಾನ್ ಥಾಮ್ಸನ್ 1871-72ರಲ್ಲಿ ಬೀಜಿಂಗ್‌ನ ಮಂತ್ರಿಗಳನ್ನೂ ತಿಯಾನ್‌ಜಿನ್‌ನಲ್ಲಿ ಹಿರಿಯ ಅಧಿಕಾರಿ ಲಿ ಹಾಂಗ್‌ಜಾಂಗ್‌ನನ್ನೂ ಸೆರೆಹಿಡಿದದ್ದು ಇದೇ ಹಸಿ ಗಾಜಿನಲ್ಲಿ. 1873ರಲ್ಲಿ ಬರ್ಲಿನ್‌ನ ರಸಾಯನ ವಿಜ್ಞಾನಿ ಹರ್ಮನ್ ಫೋಗೆಲ್ ಪದರಕ್ಕೆ ಬಣ್ಣದ ರಾಸಾಯನಿಕ ಬೆರೆಸಿ ಹಸಿರಿನತ್ತಲೂ ಕಣ್ಣು ತೆರೆಸಿದ. ಕೆಂಪನ್ನು ಚೆನ್ನಾಗಿ ಗ್ರಹಿಸುವ ಪ್ಲೇಟುಗಳು ಬರಲು 20ನೇ ಶತಮಾನವೇ ಬೇಕಾಯಿತು. ಹಾಗಾಗಿ ಕಂಪ್ಯೂಟರ್‌ನಲ್ಲಿ ಈ ಚಿತ್ರಗಳಿಗೆ ಬಣ್ಣ ತುಂಬುವವರು ದಯವಿಟ್ಟು ಟೋಪಿಯ ಎಳೆಗಳನ್ನು ಕಪ್ಪಾಗಿಯೇ ಬಿಡಬೇಡಿ.