ಜನ ಸುನ್ವಾಯಿ: ಊರ ಮುಂದೆ ಲೆಕ್ಕ ಓದುವ ಕ್ರಮ

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು ಎಂದು ಎಲ್ಲರೂ ಬರೆದುಕೊಂಡಿರುತ್ತೇವೆ. ಆ ಬೇಡಿಕೆ ಬೆಳೆದ ನೆಲ ಮಾತ್ರ ರಾಜಸ್ಥಾನದ ಬರಪರಿಹಾರ ಕಾಮಗಾರಿಗಳು. 1990ರ ಮೇ 1ರಂದು ಭೀಮ್ ಪಟ್ಟಣದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘಟನೆ ಹುಟ್ಟಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅವರ ಜೊತೆಗೆ ಆ ಭಾಗದ ಕೂಲಿಕಾರರು, ಸಣ್ಣ ರೈತರು ಅದರಲ್ಲಿದ್ದರು. ಕನಿಷ್ಠ ಕೂಲಿ ಕೇಳಿದರೆ "ನೀವು ಅಷ್ಟು ಕೆಲಸ ಮಾಡಿಲ್ಲ, ಅಳತೆ ಪುಸ್ತಕದಲ್ಲಿ ಹಾಗಿದೆ" ಎಂಬ ಉತ್ತರ ಬರುತ್ತಿತ್ತು. ಮಾಡಿದ ಕೆಲಸದ ಅಳತೆ ಬರೆದಿಡುವ ಆ ಪುಸ್ತಕ ತೋರಿಸಿ ಎಂದರೆ ಅದು ಸರ್ಕಾರಿ ದಾಖಲೆ, ತೋರಿಸುವಂತಿಲ್ಲ. ಕೂಲಿಯ ಜಗಳ ಕಾಗದದ ಜಗಳವಾದದ್ದು ಹೀಗೆ.

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್‌ಕಿರಾನಾದಲ್ಲಿ ಮೊದಲ ಜನ ಸುನ್ವಾಯಿ, ಅಂದರೆ ಜನರ ಮುಂದಿನ ಬಹಿರಂಗ ವಿಚಾರಣೆ, ನಡೆಯಿತು. ಹಾಜರಿ ಪಟ್ಟಿಯನ್ನು (ನಮ್ಮ ಪಂಚಾಯಿತಿಗಳಲ್ಲಿ ಎನ್‌ಎಂಆರ್ ಅನ್ನುತ್ತೇವಲ್ಲ, ಅದೇ) ಜನರ ಮುಂದೆ ಗಟ್ಟಿಯಾಗಿ ಓದಿದರು. ಹೆಸರಿದ್ದವರೇ ಎದ್ದು ನಿಂತು, ಕೆಲಸ ಮಾಡಿದೆನೋ ಇಲ್ಲವೋ, ಕೈಗೆ ಎಷ್ಟು ಬಂತು ಎಂದು ಹೇಳಿದರು. ಇಡೀ ವಿಧಾನದ ತಿರುಳು ಇಲ್ಲಿದೆ. ಕಡತ ಒಬ್ಬ ಅರ್ಜಿದಾರನ ಕೈಯಲ್ಲಿದ್ದರೆ ಅದು ದೂರಿಗೆ ಲಗತ್ತು, ಅಷ್ಟೇ. ಊರ ಮುಂದೆ ಓದಿದಾಗ ಅದರಲ್ಲಿ ಹೆಸರಿರುವ ಪ್ರತಿಯೊಬ್ಬರೂ ಸಾಕ್ಷಿಗಳಾಗುತ್ತಾರೆ.

ಸರ್ಕಾರದ ಪ್ರತಿಕ್ರಿಯೆಯನ್ನು ಗಮನವಿಟ್ಟು ಓದಿ. 1995ರಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ದಾಖಲೆಗಳ ನಕಲು ಕೊಡುವುದಾಗಿ ವಿಧಾನಸಭೆಯಲ್ಲಿ ಹೇಳಿದರು. ವರ್ಷ ಕಳೆದರೂ ಆದೇಶ ಹೊರಡಲಿಲ್ಲ. 1996ರ ಏಪ್ರಿಲ್ 6ರಂದು ಬ್ಯಾವರ್‌ನಲ್ಲಿ ಧರಣಿ ಶುರುವಾಯಿತು, 40 ದಿನ ನಡೆಯಿತು. ಧರಣಿ ಶುರುವಾಗುವ ಹೊತ್ತಿಗೆ ಹೊರಟ ಆದೇಶ ದಾಖಲೆ ನೋಡಲು, ಕೈಯಲ್ಲಿ ಬರೆದುಕೊಳ್ಳಲು ಬಿಟ್ಟಿತು; ಜೆರಾಕ್ಸ್ ಪ್ರತಿ ಮಾತ್ರ ಕೊಡುವುದಿಲ್ಲ ಎಂದಿತು. ಸಂಘಟನೆ ಇದನ್ನು ಒಪ್ಪಲಿಲ್ಲ, ಒಪ್ಪದಿದ್ದದ್ದೇ ಸರಿ. ಕೈಬರಹದ ಟಿಪ್ಪಣಿಯನ್ನು "ನೀವೇ ಬರೆದುಕೊಂಡದ್ದು" ಎಂದು ತಳ್ಳಿಹಾಕಬಹುದು, ಠಾಣೆಯಲ್ಲೂ ಕೋರ್ಟಿನಲ್ಲೂ ಅದು ನಿಲ್ಲುವುದಿಲ್ಲ. ದೃಢೀಕೃತ ನಕಲು ಸಿಗುವವರೆಗೆ ಹೋರಾಟ ಮುಂದುವರಿಯಿತು. 2000ದಲ್ಲಿ ರಾಜಸ್ಥಾನ ತನ್ನದೇ ಕಾಯ್ದೆ ಮಾಡಿತು. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ತಿ ಜಾರಿಯಾಯಿತು.

ಇನ್ನು ತಯಾರಿ. ಸುನ್ವಾಯಿಯ ಬಹುಪಾಲು ಕೆಲಸ ಸಭೆಗೆ ಮೊದಲೇ ಮುಗಿದಿರಬೇಕು. ಒಂದು ಕಾಮಗಾರಿಗೆ ಕನಿಷ್ಠ ನಾಲ್ಕು ಕಾಗದ ಬೇಕು: ಅಂದಾಜು ಪಟ್ಟಿ, ಎನ್‌ಎಂಆರ್, ಅಳತೆ ಪುಸ್ತಕ (ಎಂ.ಬಿ.), ಸಾಮಗ್ರಿಯ ಬಿಲ್ಲು ಮತ್ತು ವೋಚರ್. ಮಾಹಿತಿ ಹಕ್ಕಿನ ಅರ್ಜಿಯಲ್ಲಿ "ಯಾಕೆ ಹೀಗಾಯಿತು" ಎಂದು ಕೇಳಬೇಡಿ. ಕಾಮಗಾರಿಯ ಹೆಸರು, ವರ್ಷ ಬರೆದು ಇಂಥ ದಾಖಲೆಯ ದೃಢೀಕೃತ ನಕಲು ಬೇಕು ಎನ್ನಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕಾಯ್ದೆಯ 2(ಜೆ) ಕಲಂ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಬಹಳ ಜನ ಅದನ್ನು ಬಳಸುವುದೇ ಇಲ್ಲ.

ಕಾಗದ ಬಂದ ಮೇಲೆ ಟೇಪು ಹಿಡಿದು ಸ್ಥಳಕ್ಕೆ ಹೋಗಬೇಕು. ಒಂದು ಕಾಂಕ್ರೀಟ್ ಚರಂಡಿಗೆ 100 ಚೀಲ ಸಿಮೆಂಟ್ ಬಿಲ್ ಆಗಿದೆ ಎಂದುಕೊಳ್ಳಿ. ಉದ್ದ, ಅಗಲ, ದಪ್ಪ ಅಳೆದರೆ ಕಾಂಕ್ರೀಟ್ 10 ಘನ ಮೀಟರ್ ಬರುತ್ತದೆ. 1:2:4 ಮಿಶ್ರಣದಲ್ಲಿ (ಸಿಮೆಂಟ್ ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು) ಒಂದು ಘನ ಮೀಟರಿಗೆ 50 ಕೆ.ಜಿ.ಯ ಸುಮಾರು 6.3 ಚೀಲ ಬೇಕು, ಅಂದರೆ ಒಟ್ಟು 63. ಉಳಿದ 37 ಚೀಲ ಎಲ್ಲಿ ಹೋಯಿತು ಎಂಬುದು ಸಭೆಯಲ್ಲಿ ಯಾರಿಗೂ ಅರ್ಥವಾಗುವ ಪ್ರಶ್ನೆ. ಆದರೆ ಅಂದಾಜು ಪಟ್ಟಿಯಲ್ಲಿ ಬೇರೆ ಮಿಶ್ರಣವಿದೆಯೇ, ಪ್ಲಾಸ್ಟರಿಂಗ್ ಸೇರಿದೆಯೇ ಎಂದು ಮೊದಲು ನೋಡಿಕೊಳ್ಳಿ. ಒಂದು ಲೆಕ್ಕ ತಪ್ಪಿದರೆ ಎಂಜಿನಿಯರ್ ಅದನ್ನೇ ಹಿಡಿದು ಉಳಿದ ಒಂಬತ್ತನ್ನೂ ಹಾರಿಸಿಬಿಡುತ್ತಾರೆ. ಎನ್‌ಎಂಆರ್‌ನಲ್ಲಾದರೆ ತೀರಿಹೋದವರು, ಊರು ಬಿಟ್ಟವರು, ಒಂದೇ ಅವಧಿಗೆ ಎರಡು ಕಾಮಗಾರಿಯಲ್ಲಿ ಹಾಜರಿರುವವರು ಯಾರೆಂದು ಮನೆ ಮನೆಗೆ ಹೋಗಿಯೇ ಗುರುತಿಸಬೇಕು.

ಸಭೆಯನ್ನು ಸರಪಂಚರಾಗಲಿ (ನಮ್ಮಲ್ಲಿ ಪಂಚಾಯಿತಿ ಅಧ್ಯಕ್ಷರು) ದೂರುದಾರರಾಗಲಿ ನಡೆಸಬಾರದು. ಹೊರಗಿನ ವಕೀಲರು, ಪತ್ರಕರ್ತರು, ಶಿಕ್ಷಕರಂಥವರು ವೇದಿಕೆಯಲ್ಲಿರಲಿ. ಸರಪಂಚರು, ಎಂಜಿನಿಯರ್ ಇಬ್ಬರಿಗೂ ಮೊದಲೇ ಪತ್ರ ಹೋಗಲಿ, ಉತ್ತರ ಕೊಡಲು ಸಮಯ ಸಿಗಲಿ. ಸುನ್ವಾಯಿ ಹೆಚ್ಚಾಗಿ ಕೆಡುವುದು ಹಿಂದಿನ ರಾತ್ರಿ. ಜಾತಿಯ ಹಿರಿಯರು, ಸಾಲ ಕೊಟ್ಟವರು ಮನೆಗೆ ಬಂದು ಮಾತಾಡಿ ಹೋಗುತ್ತಾರೆ, ಬೆಳಗ್ಗೆ ಸಾಕ್ಷಿ ಏಳುವುದಿಲ್ಲ. ಅದಕ್ಕೇ ಒಂದೊಂದು ಕಾಮಗಾರಿಗೂ ಒಬ್ಬಿಬ್ಬರನ್ನು ನೆಚ್ಚಿಕೊಳ್ಳದೆ ಹತ್ತಾರು ಜನರ ಹೇಳಿಕೆ ಬರೆದಿಡಬೇಕು. ಹೆಂಗಸರ ಹೇಳಿಕೆಯನ್ನು ಗಂಡಂದಿರಿಂದಲ್ಲ, ಅವರಿಂದಲೇ ಪಡೆಯಬೇಕು.

2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಂ ಈ ಅಭ್ಯಾಸವನ್ನೇ ಸಾಮಾಜಿಕ ಲೆಕ್ಕಪರಿಶೋಧನೆ ಎಂಬ ಹೆಸರಲ್ಲಿ ಗ್ರಾಮಸಭೆಯ ಹೊಣೆ ಮಾಡಿತು. 2011ರ ನಿಯಮಗಳು ಆರು ತಿಂಗಳಿಗೊಮ್ಮೆ ಅದು ನಡೆಯಬೇಕೆಂದವು. ಸಭೆಗೆ 15 ದಿನ ಮೊದಲೇ ದಾಖಲೆ ಕೊಡಬೇಕು, ನೆರವಾಗುವ ಸಂಪನ್ಮೂಲ ವ್ಯಕ್ತಿಗಳು ಅದೇ ಪಂಚಾಯಿತಿಯವರಾಗಿರಬಾರದು ಎಂದವು. ಕಾನೂನಾದಾಗ ಸಿಕ್ಕಿದ್ದು ಕಡ್ಡಾಯ, ಕಳೆದುಹೋಗಬಹುದಾದದ್ದು ಜನ. ಹತ್ತು ಜನರ ಸಹಿಯಲ್ಲಿ ಮುಗಿದ ಸಭೆ ಕಡತಕ್ಕೆ ಸಾಕು, ಊರಿಗೆ ಸಾಲದು.

ಹಣ ವಸೂಲಿ ಎಲ್ಲಕ್ಕಿಂತ ನಿಧಾನ. ಆದ್ದರಿಂದ ಸಭೆಯ ನಡಾವಳಿಯಲ್ಲಿ "ಅವ್ಯವಹಾರ ಕಂಡುಬಂದಿದೆ" ಎಂದಷ್ಟೇ ಬರೆಸಿ ಏಳಬೇಡಿ. ಮೊತ್ತ, ಹೊಣೆಗಾರರ ಹುದ್ದೆ, ಕಟ್ಟಬೇಕಾದ ದಿನಾಂಕ ಮೂರನ್ನೂ ಬರೆಸಿ, ಅಲ್ಲೇ ಓದಿಸಿ, ನಕಲು ಪಡೆಯಿರಿ. ಮುಂದಿನ ಗ್ರಾಮಸಭೆಯ ಮೊದಲ ವಿಷಯವಾಗಿ ಅದರ ಮೇಲೆ ಕೈಗೊಂಡ ಕ್ರಮದ ವರದಿಯನ್ನೇ ಇಡಿಸಿ.