ಫ್ಯಾಮಿಲಿ ಡಾಕ್ಟರ್ ತಯಾರಾಗೋದು ಎಲ್ಲಿ? ವಾರ್ಡಿಗೂ ಕ್ಲಿನಿಕ್ಕಿಗೂ ನಡುವಿನ ಹಳೆಯ ಎಳೆದಾಟ

1961ರಲ್ಲಿ ಅಮೆರಿಕದ ವೈದ್ಯ ಕೆರ್ ವೈಟ್ ಮತ್ತು ಅವರ ಸಂಗಡಿಗರು ಒಂದು ಲೆಕ್ಕ ಪ್ರಕಟಿಸಿದರು. ಒಂದು ಕಡೆ ಸಾವಿರ ಮಂದಿ ವಯಸ್ಕರಿದ್ದಾರೆ ಅಂದುಕೊಳ್ಳಿ. ಒಂದು ತಿಂಗಳಲ್ಲಿ ಅವರಲ್ಲಿ ಸುಮಾರು 750 ಜನರಿಗೆ ಏನಾದರೊಂದು ಕಾಯಿಲೆಯೋ ಪೆಟ್ಟೋ ಆಗುತ್ತದೆ. 250 ಜನ ಡಾಕ್ಟರ ಹತ್ತಿರ ಹೋಗುತ್ತಾರೆ. ಆಸ್ಪತ್ರೆಗೆ ಸೇರುವವರು 9 ಜನ. ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಯವರೆಗೂ ಹೋಗುವವರು ಒಬ್ಬರೇ. 2001ರಲ್ಲಿ ಬೇರೆ ಸಂಶೋಧಕರು ಮಕ್ಕಳನ್ನೂ ಸೇರಿಸಿ ಇದೇ ಲೆಕ್ಕ ಮತ್ತೆ ಮಾಡಿದರು. ಹೆಚ್ಚುಕಡಿಮೆ ಅದೇ ಉತ್ತರ ಬಂತು.

ಆದರೆ ಎಳೆಯ ಡಾಕ್ಟರುಗಳು ಕೆಲಸ ಕಲಿಯುತ್ತಿದ್ದದ್ದು ಬಹುಮಟ್ಟಿಗೆ ಆ ಒಬ್ಬ ರೋಗಿ ಮಲಗಿದ್ದ ಕಡೆ. ಕ್ಲಿನಿಕ್ಕಿಗೆ ಬಂದು ಹೋಗುವ ಉಳಿದವರನ್ನು ನೋಡಿಕೊಳ್ಳುವುದು ಹೇಗೆ ಅಂತ ಕಲಿಸುವ ಜಾಗವೇ ಇರಲಿಲ್ಲ. ಅಮೆರಿಕದಲ್ಲಿ ಫ್ಯಾಮಿಲಿ ಮೆಡಿಸಿನ್ ಅನ್ನುವ ವಿಭಾಗ ಹುಟ್ಟಿದ್ದು ಈ ಕೊರತೆಯಿಂದಲೇ. ಅದರ ರೆಸಿಡೆಂಟ್‌ಗಳು, ಅಂದರೆ ವೈದ್ಯ ಪದವಿ ಮುಗಿಸಿ ಆ ವಿಭಾಗದ ತರಬೇತಿಯಲ್ಲಿರುವ ಡಾಕ್ಟರುಗಳು, ಎಲ್ಲಿ ಕಲಿಯಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಎರಡನೇ ಮಹಾಯುದ್ಧದ ನಂತರ ಅಲ್ಲಿ ಸ್ಪೆಷಲಿಸ್ಟ್‌ಗಳ ಸಂಖ್ಯೆ ಏರುತ್ತಾ ಹೋಯಿತು. ಊರಿನ ಜನರಲ್ ಡಾಕ್ಟರುಗಳು ವಯಸ್ಸಾಗಿ ಬಾಗಿಲು ಹಾಕಿದರೆ ಅವರ ಜಾಗಕ್ಕೆ ಬರುವವರಿರಲಿಲ್ಲ. 1966ರಲ್ಲಿ ಮೂರು ಸಮಿತಿಗಳ ವರದಿಗಳು ಹೊರಬಂದವು. ಮಿಲ್ಲಿಸ್, ವಿಲ್ಲರ್ಡ್, ಫೋಲ್ಸಮ್ ಅವುಗಳ ಅಧ್ಯಕ್ಷರು. ಪ್ರತಿ ಮನೆಗೂ, ಪ್ರತಿ ಮನುಷ್ಯನಿಗೂ ತನ್ನದು ಅನ್ನುವ ಒಬ್ಬ ಡಾಕ್ಟರ್ ಬೇಕು, ಅಂಥವರನ್ನು ಬೇರೆಯೇ ರೀತಿಯಲ್ಲಿ ತಯಾರು ಮಾಡಬೇಕು ಅನ್ನುವುದು ಮೂರರ ಸಾರವೂ ಆಗಿತ್ತು. 1969ರ ಫೆಬ್ರುವರಿಯಲ್ಲಿ ಫ್ಯಾಮಿಲಿ ಪ್ರಾಕ್ಟೀಸ್ (ಫ್ಯಾಮಿಲಿ ಮೆಡಿಸಿನ್‌ನ ಆಗಿನ ಹೆಸರು) ಅಮೆರಿಕದ 20ನೇ ಸ್ಪೆಷಾಲಿಟಿ ಆಯಿತು.

ಅಷ್ಟರಲ್ಲಿ ಕೆಲವರು ಕೆಲಸ ಶುರು ಮಾಡಿಬಿಟ್ಟಿದ್ದರು. ಮಯಾಮಿಯಲ್ಲಿ ಲಿನ್ ಕಾರ್ಮೈಕಲ್, ಕಾನ್ಸಸ್ ರಾಜ್ಯದ ವಿಚಿಟಾದಲ್ಲಿ ಗೇಲ್ ಸ್ಟೀಫನ್ಸ್, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಯೂಜೀನ್ ಫಾರ್ಲಿ. ಇವರೆಲ್ಲ ಹಿಡಿದದ್ದು ಒಂದೇ ದಾರಿ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇವತ್ತು ಒಬ್ಬ ಡಾಕ್ಟರ್, ನಾಳೆ ಇನ್ನೊಬ್ಬ. ಅಲ್ಲಿ ಫ್ಯಾಮಿಲಿ ಡಾಕ್ಟರಿಕೆ ಬರುವುದಿಲ್ಲ. ಅದಕ್ಕೆ ನಿಜವಾದ ಕ್ಲಿನಿಕ್ಕೇ ಬೇಕು. ಮೂರು ವರ್ಷದ ರೆಸಿಡೆನ್ಸಿ ಪೂರ್ತಿ ಒಬ್ಬ ರೆಸಿಡೆಂಟ್‌ಗೆ ಅವರದೇ ರೋಗಿಗಳು ಇರಬೇಕು. ಆ ರೋಗಿಗಳೂ ‘ಇವರು ನಮ್ಮ ಡಾಕ್ಟರು’ ಅಂತ ಅವರನ್ನೇ ಕೇಳಿಕೊಂಡು ಬರಬೇಕು. ಇದಕ್ಕೆ ಆಗ ‘ಮಾಡೆಲ್ ಯೂನಿಟ್’ ಅನ್ನುತ್ತಿದ್ದರು. ಈಗ ಫ್ಯಾಮಿಲಿ ಮೆಡಿಸಿನ್ ಪ್ರಾಕ್ಟೀಸ್ ಅನ್ನುತ್ತಾರೆ.

ನನ್ನ ಮಟ್ಟಿಗೆ ಈ ವಿಭಾಗ ವೈದ್ಯಕೀಯ ಶಿಕ್ಷಣಕ್ಕೆ ಕೊಟ್ಟ ದೊಡ್ಡ ಕಾಣಿಕೆ ಇದೇ. ಯೋಚಿಸಿ ನೋಡಿ. ಸಕ್ಕರೆ ಕಾಯಿಲೆಯ ರೋಗಿಯನ್ನು ವಾರ್ಡಿನಲ್ಲಿ ಮೂರು ದಿನ ನೋಡಿದರೆ ಇನ್ಸುಲಿನ್ ಎಷ್ಟು ಕೊಡಬೇಕು ಅಂತ ಗೊತ್ತಾಗುತ್ತದೆ. ಅದೇ ಮನುಷ್ಯನನ್ನು ಮೂರು ವರ್ಷ ನೋಡಿದರೆ ಮಾತ್ರೆ ಯಾವಾಗ ಬಿಡುತ್ತಾರೆ, ಯಾಕೆ ಬಿಡುತ್ತಾರೆ, ಮನೆಯಲ್ಲಿ ಅಡುಗೆ ಮಾಡುವವರು ಯಾರು, ಕೆಲಸ ಹೋದಾಗ ಸಕ್ಕರೆ ಎಷ್ಟು ಏರಿತು, ಎಲ್ಲ ತಿಳಿಯುತ್ತದೆ. ಗರ್ಭಿಣಿಯಾಗಿ ಬಂದವಳ ಹೆರಿಗೆ ಮಾಡಿಸಿ, ಅದೇ ಮಗುವಿಗೆ ಲಸಿಕೆ ಹಾಕಿ, ಅದು ನಡೆಯುವುದನ್ನೂ ನೋಡಿ ಹೊರಬರುವ ರೆಸಿಡೆಂಟ್ ಬೇರೆಯೇ ಡಾಕ್ಟರ್ ಆಗಿರುತ್ತಾರೆ. ಇದನ್ನು ವಾರ್ಡ್ ಬದಲಾಯಿಸುತ್ತಾ ಹೋಗುವ ತರಬೇತಿಯಲ್ಲಿ ಕಲಿಸಲು ಆಗುವುದೇ ಇಲ್ಲ.

ಹಾಗಂತ ಆಸ್ಪತ್ರೆ ಬೇಡ ಅಂತ ಯಾರೂ ಹೇಳಲಿಲ್ಲ. ಹೆರಿಗೆ, ಐಸಿಯು, ತುರ್ತು ಚಿಕಿತ್ಸೆ ಇವನ್ನು ಕಲಿಯಬೇಕಾದ್ದು ಅಲ್ಲೇ. ಹತ್ತಿರದಲ್ಲಿ ಬೇರೆ ಡಾಕ್ಟರೇ ಇಲ್ಲದ ಊರಿಗೆ ಹೋಗುವವರಿಗಂತೂ ಅದು ಬೇಕೇ ಬೇಕು. ಪ್ರಶ್ನೆ ಇದ್ದದ್ದು ಯಾವುದಕ್ಕೆ ಎಷ್ಟು ಹೊತ್ತು ಅನ್ನುವುದು. ಮೊದಲ ವರ್ಷ ಕ್ಲಿನಿಕ್ಕಿಗೆ ವಾರಕ್ಕೆ ಒಂದೋ ಎರಡೋ ಅರ್ಧ ದಿನ, ಆಮೇಲೆ ಏರುತ್ತಾ ಹೋಗುವುದು ವಾಡಿಕೆ. ಬಹಳ ಕಾಲ ನಿಯಮದಲ್ಲಿ ಒಂದು ಸಂಖ್ಯೆ ಇತ್ತು: ಮೂರು ವರ್ಷದಲ್ಲಿ ಕ್ಲಿನಿಕ್ಕಿನಲ್ಲಿ 1,650 ಭೇಟಿಗಳು. 2023ರಲ್ಲಿ ಅದು ಹೋಗಿ ಕನಿಷ್ಠ 1,000 ಗಂಟೆ ಅಂತ ಆಯಿತು. ಇದು ಒಳ್ಳೆಯ ಬದಲಾವಣೆ. ಭೇಟಿಗಳನ್ನೇ ಎಣಿಸುತ್ತಾ ಕೂತರೆ ರೋಗಿಯ ಜೊತೆ ಕೂತು ಮಾತಾಡುವ ರೆಸಿಡೆಂಟ್ ಹಿಂದೆ ಬೀಳುತ್ತಾರೆ, ಅಲ್ವಾ?

ಇಷ್ಟೆಲ್ಲ ಒಪ್ಪಿಗೆ ಇದ್ದರೂ ಕ್ಲಿನಿಕ್ ಯಾಕೆ ಇಂದಿಗೂ ಆಸ್ಪತ್ರೆಯ ಹಂಗಿನಲ್ಲಿದೆ? ಉತ್ತರ ದುಡ್ಡಿನಲ್ಲಿದೆ. 1965ರಲ್ಲಿ ವಯಸ್ಸಾದವರಿಗಾಗಿ ಮೆಡಿಕೇರ್ ವಿಮೆ ಬಂತು. ರೆಸಿಡೆಂಟ್‌ಗಳ ತರಬೇತಿ ಖರ್ಚಿನಲ್ಲಿ ತನ್ನ ಪಾಲನ್ನು ಕೊಡಲು ಅದು ಒಪ್ಪಿಕೊಂಡಿತು. ಸಮಾಜ ಬೇರೆ ದಾರಿ ಕಂಡುಕೊಳ್ಳುವವರೆಗೆ ಮಾತ್ರ ಅಂತ ಆಗ ಅಂದುಕೊಂಡಿದ್ದರು. ಬೇರೆ ದಾರಿ ಬರಲೇ ಇಲ್ಲ. ಆ ದುಡ್ಡು ಹೋಗುವುದು ಆಸ್ಪತ್ರೆಗೆ. ಆಸ್ಪತ್ರೆಯಲ್ಲಿ ಮೆಡಿಕೇರ್ ರೋಗಿಗಳು ಎಷ್ಟು, ಹಾಸಿಗೆಗೆ ಎಷ್ಟು ರೆಸಿಡೆಂಟ್‌ಗಳು ಅನ್ನುವುದರ ಮೇಲೆ ಅದರ ಲೆಕ್ಕ. ಹೊರಗಿನ ಕ್ಲಿನಿಕ್ಕಿನಲ್ಲಿ ರೆಸಿಡೆಂಟ್ ಕಳೆದ ಸಮಯವನ್ನು ಲೆಕ್ಕಕ್ಕೆ ಹಿಡಿಯಲು 1980ರ ದಶಕದ ಕೊನೆಯಲ್ಲಿ ಅವಕಾಶ ಸಿಕ್ಕಿತು. ಆದರೆ ಅಲ್ಲಿಯ ಹೆಚ್ಚುಕಡಿಮೆ ಎಲ್ಲ ಖರ್ಚನ್ನೂ ಆಸ್ಪತ್ರೆಯೇ ಹೊರಬೇಕು ಅನ್ನುವ ಷರತ್ತಿತ್ತು. 2010ರಲ್ಲಿ ಅದನ್ನು ಸಡಿಲ ಮಾಡಿದರು.

1997ರಲ್ಲಿ ಇನ್ನೊಂದು ಗಂಟು ಬಿತ್ತು. ಖರ್ಚು ಹಿಡಿತಕ್ಕೆ ತರಲು ಅಮೆರಿಕದ ಸಂಸತ್ತು ಒಂದು ಮಿತಿ ಹಾಕಿತು. 1996ರಲ್ಲಿ ಯಾವ ಆಸ್ಪತ್ರೆಯಲ್ಲಿ ಎಷ್ಟು ರೆಸಿಡೆಂಟ್‌ಗಳಿದ್ದರೋ ಮೆಡಿಕೇರ್ ದುಡ್ಡೂ ಅಷ್ಟಕ್ಕೇ. ಆಗ ಯಾರ ಹತ್ತಿರ ಜಾಸ್ತಿ ಸೀಟುಗಳಿದ್ದವೋ ಅವರ ಹತ್ತಿರವೇ ಉಳಿದವು. ಅಂದರೆ ಈಶಾನ್ಯದ ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ. ಸೀಟಿಗೊಂದು ಮಿತಿ ಇದ್ದಾಗ ಆಸ್ಪತ್ರೆ ತನಗೆ ಆದಾಯ ತರುವ ವಿಭಾಗಗಳ ಕಡೆ ವಾಲುವುದು ಸಹಜ. ಕೆಮ್ಮು, ಬಿಪಿ, ಬೆನ್ನುನೋವು ನೋಡುವ ವಿಭಾಗ ಸಾಲಿನ ಕೊನೆಗೆ ಹೋಗುತ್ತದೆ.

ತರಬೇತಿ ಒಂದೇ ಆಸ್ಪತ್ರೆಗೆ ಅಂಟಿಕೊಂಡಾಗ ಏನಾಗಬಹುದು ಅನ್ನುವುದನ್ನು 2019ರಲ್ಲಿ ಫಿಲಡೆಲ್ಫಿಯಾ ತೋರಿಸಿತು. ಅಲ್ಲಿನ ಹಾನೆಮನ್ ಆಸ್ಪತ್ರೆ ದಿವಾಳಿಯಾಗಿ ಮುಚ್ಚಿತು. ಬೇರೆ ಬೇರೆ ವಿಭಾಗಗಳ 550ಕ್ಕೂ ಹೆಚ್ಚು ತರಬೇತಿ ವೈದ್ಯರು ಬೀದಿಗೆ ಬಿದ್ದಂತಾಯಿತು. ವೀಸಾದ ಮೇಲೆ ಬಂದಿದ್ದ ವಿದೇಶಿ ವೈದ್ಯರಿಗಂತೂ ಹೊಸ ಜಾಗ ಸಿಗದಿದ್ದರೆ ದೇಶ ಬಿಡುವ ಭಯ. ಅವರ ಸೀಟುಗಳನ್ನು ಹರಾಜು ಹಾಕುವ ಮಾತೂ ಕೋರ್ಟಿನವರೆಗೆ ಹೋಯಿತು. ಕಲಿಯಲು ಬಂದವರ ಸೀಟು ಆಸ್ಪತ್ರೆಗೆ ಸಾಲ ಕೊಟ್ಟವರಿಗೆ ಹಂಚುವ ಆಸ್ತಿಯಾಗುವುದು ನೋಡಲಾಗದ ಸಂಗತಿ.

ಇದರ ನಡುವೆಯೇ ಹೊಸ ದಾರಿ ಹುಡುಕಿದವರೂ ಇದ್ದರು. 1980ರ ದಶಕದ ನಡುವೆ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದವರು ಒಂದು ಪ್ರಯೋಗ ಮಾಡಿದರು. ಮೊದಲ ವರ್ಷ ನಗರದ ದೊಡ್ಡ ಆಸ್ಪತ್ರೆಗಳಲ್ಲಿ. ಉಳಿದ ಎರಡು ವರ್ಷ ಸುಮಾರು 110 ಕಿ.ಮೀ. ಉತ್ತರಕ್ಕಿರುವ ಕೋಲ್ವಿಲ್ ಅನ್ನುವ ಪುಟ್ಟ ಪಟ್ಟಣದಲ್ಲಿ. ಅಲ್ಲಿ ರೆಸಿಡೆಂಟ್ ಬರೀ ಹೋಗಿಬರುವ ಅತಿಥಿಯಲ್ಲ. ಅಲ್ಲೇ ಮನೆ, ಅಲ್ಲೇ ರೋಗಿಗಳು, ಅಲ್ಲೇ ಸಂತೆ. ಮುಂದೆ ಇದಕ್ಕೆ ‘ರೂರಲ್ ಟ್ರೈನಿಂಗ್ ಟ್ರ್ಯಾಕ್’ ಅನ್ನುವ ಹೆಸರು ನಿಂತಿತು. ಇದು ಫಲ ಕೊಡುವುದಕ್ಕೆ ಸರಳ ಕಾರಣವಿದೆ. ಅಮೆರಿಕದ ಫ್ಯಾಮಿಲಿ ಮೆಡಿಸಿನ್ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವು ರೆಸಿಡೆನ್ಸಿ ಮಾಡಿದ ಜಾಗದಿಂದ 160 ಕಿ.ಮೀ. ಒಳಗೇ ನೆಲೆಸುತ್ತಾರೆ ಅಂತ ಅಧ್ಯಯನಗಳು ಹೇಳುತ್ತವೆ. ಮೂರು ವರ್ಷದಲ್ಲಿ ಮದುವೆ, ಮಕ್ಕಳು, ಶಾಲೆ, ಸ್ನೇಹಿತರು ಎಲ್ಲ ಅಲ್ಲೇ ಬೇರು ಬಿಟ್ಟಿರುತ್ತವೆ.

2010ರ ಆರೋಗ್ಯ ಕಾನೂನು ಇನ್ನೂ ಧೈರ್ಯದ ಹೆಜ್ಜೆ ಇಟ್ಟಿತು. ‘ಟೀಚಿಂಗ್ ಹೆಲ್ತ್ ಸೆಂಟರ್’ ಯೋಜನೆಯಲ್ಲಿ ತರಬೇತಿಯ ದುಡ್ಡನ್ನು ಬಡವರಿಗೆ ಚಿಕಿತ್ಸೆ ಕೊಡುವ ಸಮುದಾಯ ಆರೋಗ್ಯ ಕೇಂದ್ರಗಳಂಥ ಕಡೆಗೇ ಕೊಟ್ಟರು. ಇಲ್ಲಿ ಯಜಮಾನಿಕೆ ಕ್ಲಿನಿಕ್ಕಿನದು. ಹೆರಿಗೆ, ಐಸಿಯು ಕಲಿಯಲು ರೆಸಿಡೆಂಟ್‌ಗಳನ್ನು ಅದು ಆಸ್ಪತ್ರೆಗೆ ಕಳಿಸುತ್ತದೆ. 2011ರಲ್ಲಿ 11 ತರಬೇತಿ ಕೇಂದ್ರಗಳಿಂದ ಇದು ಶುರುವಾಯಿತು. ಐದು ವರ್ಷಕ್ಕೆ 23 ಕೋಟಿ ಡಾಲರ್ ಇಟ್ಟಿದ್ದರು. ಆಮೇಲೆ ಮಾತ್ರ ದುಡ್ಡು ತುಂಡುತುಂಡಾಗಿ ಬಂತು, ಎರಡು ವರ್ಷಕ್ಕೊಮ್ಮೆ, ಕೆಲವೊಮ್ಮೆ ಕೆಲವೇ ತಿಂಗಳಿಗೆ. ರೆಸಿಡೆನ್ಸಿ ಮೂರು ವರ್ಷದ್ದು. ಮೂರನೇ ವರ್ಷದ ಸಂಬಳಕ್ಕೆ ಖಾತ್ರಿ ಇಲ್ಲದೆ ಯಾವ ಕ್ಲಿನಿಕ್ ತಾನೆ ಧೈರ್ಯವಾಗಿ ರೆಸಿಡೆಂಟ್‌ಗಳನ್ನು ಸೇರಿಸಿಕೊಳ್ಳುತ್ತದೆ? ಆಸ್ಪತ್ರೆಗಳಿಗೆ ಹೋಗುವ ಮೆಡಿಕೇರ್ ದುಡ್ಡಿಗೆ ಇಂಥ ಗಡುವು ಇಲ್ಲ.

ನಮ್ಮಲ್ಲೂ ಈ ಪ್ರಶ್ನೆ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1982ರಲ್ಲೇ ನಗರದ ಬಡವರಿಗಾಗಿ ಕಡಿಮೆ ಖರ್ಚಿನ ಬೇರೆ ಘಟಕ ತೆರೆಯಿತು. ಅದು ಫ್ಯಾಮಿಲಿ ಮೆಡಿಸಿನ್ ಕಲಿಸುವ ಜಾಗವೂ ಆಯಿತು. ಕಲ್ಲಿಕೋಟೆಯ ಸರ್ಕಾರಿ ಕಾಲೇಜಿನಲ್ಲಿ ಎಂಡಿ ಕೋರ್ಸ್ ಬಂತು. ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥ ಕಡೆ ಮೂರು ವರ್ಷದ ಡಿಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಸ್ನಾತಕೋತ್ತರ ಅರ್ಹತೆ) ತರಬೇತಿ ಇದೆ. ಆದರೆ ಡಿಎನ್‌ಬಿಯ ಮೇಲೆ ಈ ವಿಭಾಗದವರೇ ಮಾಡುವ ದೂರು ಒಂದಿದೆ. ಎಷ್ಟೋ ಕಡೆ ರೆಸಿಡೆಂಟ್ ಮೆಡಿಸಿನ್, ಸರ್ಜರಿ, ಮಕ್ಕಳ ವಿಭಾಗ ಅಂತ ವಾರ್ಡಿಂದ ವಾರ್ಡಿಗೆ ಸುತ್ತುತ್ತಾರೆ. ಕಲಿಸುವವರೆಲ್ಲ ಸ್ಪೆಷಲಿಸ್ಟ್‌ಗಳು. ತಮ್ಮದೇ ರೋಗಿಗಳಿರುವ ಕ್ಲಿನಿಕ್ ಇರುವುದಿಲ್ಲ. 1960ರ ದಶಕದಲ್ಲಿ ಕಾರ್ಮೈಕಲ್, ಸ್ಟೀಫನ್ಸ್ ಬೇಡ ಅಂದಿದ್ದೂ ಇದನ್ನೇ.

ಕರ್ನಾಟಕದಿಂದ ಎಂಬಿಬಿಎಸ್ ಮುಗಿಸಿ ಈ ದಾರಿ ಹಿಡಿಯುವವರು ಸಂದರ್ಶನದಲ್ಲಿ ಆಸ್ಪತ್ರೆಗೆ ಎಷ್ಟು ಹಾಸಿಗೆ ಅಂತ ಕೇಳುವುದರ ಜೊತೆಗೆ ಇನ್ನಷ್ಟು ಕೇಳಿಕೊಳ್ಳಿ. ವಾರಕ್ಕೆ ಎಷ್ಟು ಅರ್ಧ ದಿನ ಕ್ಲಿನಿಕ್? ಬಂದ ರೋಗಿ ಮುಂದಿನ ಸಲ ನನಗೇ ಸಿಗುತ್ತಾರಾ? ಕಲಿಸುವವರಲ್ಲಿ ಫ್ಯಾಮಿಲಿ ಡಾಕ್ಟರುಗಳು ಎಷ್ಟು ಜನ? ಹೆರಿಗೆ ಎಲ್ಲಿ ಕಲಿಸುತ್ತೀರಿ? ಅಮೆರಿಕದ ಸೀಟಾದರೆ ಇದನ್ನೂ ಕೇಳಿ: ಮೂರನೇ ವರ್ಷದ ದುಡ್ಡು ಎಲ್ಲಿಂದ ಬರುತ್ತದೆ?