ರೇಷ್ಮೆ ಹುಳುವಿನ ಮೈಯೊಳಗಿನ ದೈತ್ಯ ಕೋಶಗಳು

ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡಿನ ಬಗ್ಗೆ, ದರದ ಏರಿಳಿತದ ಬಗ್ಗೆ ಚಿಕ್ಕಬಳ್ಳಾಪುರ, ಕೋಲಾರದ ಹಳ್ಳಿಗಳಲ್ಲಿ ಮಾತಿಗೆ ಬರವಿಲ್ಲ. ಆ ನೂಲು ಹುಟ್ಟುವ ಜೀವಕೋಶದ ಬಗ್ಗೆ ಮಾತು ಬರುವುದು ಅಪರೂಪ. ಈ ಸೀಮೆಯ ಮಕ್ಕಳಿಗೆ ಕೋಶದ ಪಾಠವನ್ನು ಈರುಳ್ಳಿ ಸಿಪ್ಪೆಯ ಬದಲು ಹುಳುಮನೆಯಿಂದಲೇ ಆರಂಭಿಸಬೇಕೆಂಬುದು ನನ್ನ ಬಹುದಿನದ ಆಸೆ.

ನಾಲ್ಕನೇ ಜ್ವರದಿಂದ, ಎಂದರೆ ನಾಲ್ಕನೇ ಬಾರಿ ಪೊರೆ ಕಳಚುವ ಹಂತದಿಂದ, ಎದ್ದ ಹುಳು ಏಳೆಂಟು ದಿನ ಬಿಡುವಿಲ್ಲದೆ ಹಿಪ್ಪುನೇರಳೆ ಸೊಪ್ಪು ಮೇಯುತ್ತದೆ. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ಹೊತ್ತಿಗೆ ಅದರ ತೂಕದಲ್ಲಿ ಶೇ. 40ರವರೆಗೂ ರೇಷ್ಮೆ ಗ್ರಂಥಿಯದೇ ಪಾಲು. ಮೈಯ ಎಡಬಲಕ್ಕೆ ಒಂದೊಂದರಂತೆ ಮಡಿಚಿಕೊಂಡಿರುವ ಎರಡು ಕೊಳವೆಗಳು ಈ ಗ್ರಂಥಿಗಳು.

ಅಚ್ಚರಿಯೆಂದರೆ, ಇಷ್ಟು ಬೆಳೆದ ಗ್ರಂಥಿಯಲ್ಲಿ ಹೊಸದಾಗಿ ಹುಟ್ಟಿದ ಕೋಶ ಒಂದೂ ಇಲ್ಲ. ಹುಳು ಮೊಟ್ಟೆಯೊಳಗಿದ್ದಾಗಲೇ ಕೋಶಗಳ ಸಂಖ್ಯೆ ನಿಗದಿಯಾಗಿಬಿಡುತ್ತದೆ. ನೂಲಿನ ತಿರುಳಾದ ಫೈಬ್ರಾಯಿನ್ ಎಂಬ ಪ್ರೋಟೀನ್ ತಯಾರಾಗುವುದು ಗ್ರಂಥಿಯ ಹಿಂಭಾಗದಲ್ಲಿ; ಅಲ್ಲಿರುವುದು ಸುಮಾರು 500 ಕೋಶ ಮಾತ್ರ. ಕೊಳವೆಯನ್ನು ಅಡ್ಡ ಕೊಯ್ದು ನೋಡಿದರೆ ಇಡೀ ಗೋಡೆಯನ್ನು ಎದುರುಬದುರಾದ ಎರಡೇ ಕೋಶಗಳು ಸುತ್ತುವರಿದಿರುವುದು ಕಾಣುತ್ತದೆ.

ವಿಭಜನೆಯಾಗದ ಕೋಶ ಮಾಡುವುದೇನು? ತನ್ನ ಡಿಎನ್‌ಎಯನ್ನಷ್ಟೇ ಮತ್ತೆ ಮತ್ತೆ ನಕಲು ಮಾಡಿಕೊಳ್ಳುತ್ತದೆ. ಮದುವೆ ಅಡುಗೆಗೆ ಹೊಸ ಮನೆ ಕಟ್ಟದೆ, ಇರುವ ಹಿತ್ತಲಿನಲ್ಲೇ ಒಲೆಗಳನ್ನು ಹೆಚ್ಚಿಸಿದ ಹಾಗೆ. ನಮ್ಮ ಮೈಯ ಬಹುಪಾಲು ಕೋಶಗಳಲ್ಲಿ ಡಿಎನ್‌ಎಯ ಎರಡು ಪ್ರತಿಗಳಿದ್ದರೆ, ಇಲ್ಲಿ ಅದು ಲಕ್ಷಗಳ ಲೆಕ್ಕಕ್ಕೆ ಏರುತ್ತದೆ. ಅಷ್ಟನ್ನೂ ಹಿಡಿದಿಡಲು ಕೋಶಕೇಂದ್ರ ದುಂಡಗಿನ ಆಕಾರವನ್ನೇ ಬಿಟ್ಟು, ಮರದ ಕೊಂಬೆಗಳಂತೆ ಕವಲೊಡೆದು ಕೋಶದ ಮೂಲೆಮೂಲೆಗೂ ಚಾಚಿಕೊಳ್ಳುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ನಡುವೆ ಕೂತ ಗುಂಡನೆಯ ಚುಕ್ಕೆಯನ್ನಷ್ಟೇ ಕಂಡವರು ಇದನ್ನು ಒಮ್ಮೆಯಾದರೂ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಫೈಬ್ರಾಯಿನ್ ವಂಶವಾಹಿಯೊಂದೇ ಇಲ್ಲಿ ವಿಶೇಷವಾಗಿ ಹೆಚ್ಚುತ್ತದೆಯೇ ಎಂಬ ಪ್ರಶ್ನೆಯೂ ಇತ್ತು. ಹಾಗಿಲ್ಲ, ಡಿಎನ್‌ಎ ಒಟ್ಟಾರೆಯಾಗಿ ಹೆಚ್ಚುತ್ತದೆ ಎಂಬುದು 1972ರಲ್ಲಿ ವಿಜ್ಞಾನಿಗಳಾದ ಯೋಶಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ಮತ್ತು ಜೊತೆಗಾರರ ಕೆಲಸದಿಂದ ಗೊತ್ತಾಯಿತು. ಫೈಬ್ರಾಯಿನ್ ವಂಶವಾಹಿಯ ಪ್ರತಿಯೊಂದು ನಕಲಿನಿಂದ ಅದರ ಸೂಚನೆ ಹೊತ್ತ ಸಾವಿರಾರು ಸಂದೇಶ ಆರ್‌ಎನ್‌ಎ ಹೊರಡುತ್ತವೆ; ಕೋಶದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮುಗಳು ಅವನ್ನು ಓದಿ, ಪ್ರೋಟೀನಿನ ಬಿಡಿಭಾಗಗಳಾದ ಗ್ಲೈಸಿನ್, ಅಲನಿನ್, ಸೆರಿನ್‌ಗಳನ್ನು ಸರಪಳಿಯಾಗಿ ಪೋಣಿಸುತ್ತವೆ. ಗಾಲ್ಗಿ ಸಂಕೀರ್ಣ ಆ ಪ್ರೋಟೀನನ್ನು ಪುಟ್ಟ ಚೀಲಗಳಲ್ಲಿ ತುಂಬಿ ಕೊಳವೆಯೊಳಕ್ಕೆ ಕಳಿಸುತ್ತದೆ. ಮಧ್ಯಭಾಗದ ಕೋಶಗಳು ಅದಕ್ಕೆ ಸೆರಿಸಿನ್ ಎಂಬ ಅಂಟನ್ನು ಸೇರಿಸುತ್ತವೆ. ಅಲ್ಲಿಯವರೆಗೂ ರೇಷ್ಮೆ ದ್ರವವೇ. ಗೂಡು ಕಟ್ಟಲು ಹುಳುಗಳನ್ನು ಬಿಡುವ ಚಂದ್ರಿಕೆಯಲ್ಲಿ ಹುಳು ತಲೆಯಾಡಿಸುತ್ತಾ ಎಳೆದಾಗ ಅದು ನೂಲಾಗುತ್ತದೆ. ನೂಲು ಬಿಚ್ಚಾಣಿಕೆಯವರು ಗೂಡನ್ನು ಬಿಸಿನೀರಿಗೆ ಹಾಕುವುದು ಸೆರಿಸಿನ್ನನ್ನು ಸಡಿಲಗೊಳಿಸಲು.

ಗೂಡು ಕಟ್ಟಿ ಮುಗಿದ ಮೇಲೆ ಹಾರ್ಮೋನಿನ ಆಣತಿಯಂತೆ ಈ ದೈತ್ಯ ಕೋಶಗಳು ತಮ್ಮನ್ನು ತಾವೇ ಕೆಡವಿಕೊಳ್ಳುತ್ತವೆ. ಮೊಟ್ಟೆಗಾಗಿ ಉಳಿಸಿಕೊಂಡ ಬಿತ್ತನೆ ಗೂಡಿನಿಂದ ಹೊರಬರುವ ಚಿಟ್ಟೆಯಲ್ಲಿ ರೇಷ್ಮೆ ಗ್ರಂಥಿಯೇ ಇರುವುದಿಲ್ಲ. ಅದರ ಬಾಯಿಯ ಭಾಗದಲ್ಲಿರುವ ಬೇರೆ ಕೋಶಗಳು ಸ್ರವಿಸುವ ಕೊಕೂನೇಸ್ ಎಂಬ ಕಿಣ್ವ ಸೆರಿಸಿನ್ನನ್ನು ಕರಗಿಸುತ್ತದೆ, ಫೈಬ್ರಾಯಿನ್ನನ್ನು ಮುಟ್ಟುವುದಿಲ್ಲ. ಸಡಿಲವಾದ ಎಳೆಗಳನ್ನು ಸರಿಸಿಕೊಂಡು ಚಿಟ್ಟೆ ಹೊರಬರುತ್ತದೆ.